ಮೊಳಕೆ ಕಾಳಿನ ವಿಚಾರದಲ್ಲಿ ಕಿಣ್ವದ ಸಾಕ್ಷ್ಯ ಬೇಡ

ಜೈನ ಗೃಹಸ್ಥನ ಧರ್ಮಜೀವನ ಆರಂಭವಾಗುವುದು ಅಡುಗೆಮನೆಯಲ್ಲಿ. ಬಸದಿಯಲ್ಲಿ ಕೈಮುಗಿದು ನಿಲ್ಲುವ ಹೊತ್ತಿಗಿಂತ ನೀರು ಸೋಸುವ, ಕಾಳು ಆರಿಸುವ, ಒಲೆ ಹೊತ್ತಿಸುವ ಹೊತ್ತು ದಿನದಲ್ಲಿ ಬಹಳ ಹೆಚ್ಚು. ಆದ್ದರಿಂದಲೇ ಶ್ರಾವಕಾಚಾರದ ಗ್ರಂಥಗಳು ಭಕ್ಷ್ಯಾಭಕ್ಷ್ಯ ವಿವೇಕಕ್ಕೆ ಅಷ್ಟೊಂದು ಮಹತ್ವ ನೀಡಿವೆ. ಈ ವಿವೇಕಕ್ಕೆ ಒಳಪಡುವ ವಸ್ತುಗಳಲ್ಲಿ ಮೊಳಕೆ ಬರಿಸಿದ ಕಾಳೂ ಒಂದು. ಅದರ ಬಗ್ಗೆ ಇಂದು ಎರಡು ವಾದಗಳು ಪ್ರಚಾರದಲ್ಲಿವೆ. ಎರಡೂ ಪರಸ್ಪರ ವಿರುದ್ಧವಾದವು; ಆದರೆ ಎರಡೂ ಒಂದೇ ಸಾಕ್ಷಿಯನ್ನು ಕರೆತರುತ್ತವೆ. ಆ ಸಾಕ್ಷಿಯ ಹೆಸರು ಕಿಣ್ವ.

ಮೊದಲನೆಯದು ಆರೋಗ್ಯವಾದಿಗಳ ವಾದ. ಮೊಳಕೆ ಕಾಳು ‘ಜೀವಂತ ಆಹಾರ’. ಅದರಲ್ಲಿ ಎಚ್ಚತ್ತ ಕಿಣ್ವಗಳು ತಿಂದವರ ದೇಹಕ್ಕೆ ಜೀರ್ಣಶಕ್ತಿಯನ್ನು ತುಂಬುತ್ತವೆ. ಗಿಡವನ್ನು ಕಿತ್ತಿಲ್ಲವಾದ್ದರಿಂದ ಹಿಂಸೆಯೂ ಇಲ್ಲ. ಆದ್ದರಿಂದ ಪರ್ವದಿನಗಳ ಉಪಾಹಾರಕ್ಕೂ ಇದೇ ಶ್ರೇಷ್ಠ ಎಂಬುದು ಅದರ ಸಾರ. ಎರಡನೆಯದು ಆಚಾರವಾದಿಗಳ ವಾದ. ನೆನೆದ ಕಾಳಿನಲ್ಲಿ ಕಿಣ್ವಗಳ ಕ್ರಿಯೆ ಅನೇಕ ಪಟ್ಟು ಹೆಚ್ಚುತ್ತದೆಯೆಂದು ವಿಜ್ಞಾನವೇ ಹೇಳಿದೆ. ಆದ್ದರಿಂದ ಮೊಳಕೆಯಲ್ಲಿ ಅನಂತ ಜೀವಗಳಿವೆಯೆಂಬ ಆಗಮದ ಮಾತು ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು ಎಂದು ಅದು ಸಾರುತ್ತದೆ. ಕರಪತ್ರಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ, ಕೆಲವೊಮ್ಮೆ ಪ್ರವಚನದ ವೇದಿಕೆಯಲ್ಲೂ ಈ ಮಾತುಗಳು ಕೇಳಿಬರುತ್ತವೆ. ಈ ಎರಡೂ ವಾದಗಳು ಸಲ್ಲವು. ಮೊದಲನೆಯದು ವಿಜ್ಞಾನಕ್ಕೆ ಅಪಚಾರ. ಎರಡನೆಯದು ವಿಜ್ಞಾನದ ಜೊತೆಗೆ ಧರ್ಮಕ್ಕೂ ಅಪಚಾರ.

ಬೀಜದ ನಿದ್ರೆ ಮತ್ತು ಎಚ್ಚರ

ವಾದವನ್ನು ಪರಿಶೀಲಿಸುವ ಮುನ್ನ ಕಾಳಿನಲ್ಲಿ ನಿಜವಾಗಿ ಏನು ನಡೆಯುತ್ತದೆಂಬುದನ್ನು ಅರಿಯಬೇಕು. ಇದನ್ನು ಅರಿಯಲು ಕೋಗಳಿಯ ಸೀಮೆ ತಕ್ಕ ಸ್ಥಳ. ಇಂದಿನ ವಿಜಯನಗರ ಜಿಲ್ಲೆಗೆ ಸೇರಿದ ಈ ಊರು ಜೈನ ಇತಿಹಾಸಕ್ಕೆ ಅಪರಿಚಿತವಲ್ಲ. ಅಲ್ಲಿಯ ಬಸದಿಯನ್ನು ಗಂಗರ ದುರ್ವಿನೀತನು ಕಟ್ಟಿಸಿದನೆಂದು 1055ರ ಶಾಸನ ಹೇಳುತ್ತದೆ. ಆಚಾರ್ಯ ಇಂದ್ರಕೀರ್ತಿಯ ದಾನವನ್ನೂ ಅದು ದಾಖಲಿಸುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ನಾಡು ಬಹುಪಾಲು ಮಳೆಯನ್ನೇ ನಂಬಿದ ಬೇಸಾಯದ ನಾಡು. ಜೋಳ, ಶೇಂಗಾಗಳ ಜೊತೆಗೆ ಹುರುಳಿ, ಹೆಸರು, ಅಲಸಂದೆಗಳು ಇಲ್ಲಿಯ ಹೊಲಗಳಿಗೂ ಅಡುಗೆಮನೆಗಳಿಗೂ ಹಳೆಯ ನೆಂಟರು.

ಇಂತಹ ನಾಡಿನ ರೈತನಿಗೆ ಬೀಜದ ಸ್ವಭಾವವನ್ನು ಯಾರೂ ಕಲಿಸಬೇಕಾಗಿಲ್ಲ. ಬಿತ್ತುವ ಮುನ್ನ ಎಣಿಸಿದಷ್ಟು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ನೋಡಿ ಬೀಜದ ಯೋಗ್ಯತೆಯನ್ನು ನಿರ್ಣಯಿಸುವುದು ರೂಢಿಯ ಪರೀಕ್ಷೆ. ಹೆಸರು ಕೊಯ್ಲಿಗೆ ಬಂದಾಗ ಮಳೆ ಹಿಡಿದುಕೊಂಡರೆ ಕಾಳು ಕಾಯಿಯಲ್ಲಿಯೇ ಮೊಳೆತು ಹಾಳಾಗುವುದೂ ಅವನಿಗೆ ಗೊತ್ತು. ಒಣ ಕಾಳು ಸತ್ತದ್ದಲ್ಲ, ಮಲಗಿರುವಂಥದ್ದು. ಅದನ್ನು ಎಬ್ಬಿಸುವುದು ನೀರು.

ಒಣ ಕಾಳಿನಲ್ಲಿ ತೇವಾಂಶ ನೂರಕ್ಕೆ ಹತ್ತು-ಹನ್ನೆರಡು ಭಾಗ ಮಾತ್ರ. ನೀರಿಗೆ ಹಾಕಿದ ಮೊದಲ ಕೆಲವು ತಾಸುಗಳಲ್ಲಿ ಅದು ನೀರನ್ನು ಹೀರಿ, ತೂಕದಲ್ಲಿ ಸುಮಾರು ಇಮ್ಮಡಿಯಾಗುತ್ತದೆ. ಈ ಮೊದಲ ಹೀರುವಿಕೆ ಕೇವಲ ಭೌತಿಕವಾದದ್ದು. ಸತ್ತ ಬೀಜವೂ ಹೀಗೆಯೇ ಉಬ್ಬುತ್ತದೆ. ಆದರೆ ಜೀವಿಸಿರುವ ಬೀಜದಲ್ಲಿ ಇದರ ಜೊತೆಗೇ ಇನ್ನೊಂದು ವ್ಯಾಪಾರ ತೊಡಗುತ್ತದೆ. ನೀರು ತಾಗಿದ ಸ್ವಲ್ಪ ಹೊತ್ತಿನಲ್ಲೇ ಜೀವಕೋಶಗಳ ಉಸಿರಾಟ ಆರಂಭವಾಗುತ್ತದೆ. ಒಣಗುವ ಮುನ್ನವೇ ಬೀಜ ಕೂಡಿಟ್ಟುಕೊಂಡಿದ್ದ ಕಿಣ್ವಗಳು ಮೊದಲು ಕೆಲಸಕ್ಕಿಳಿಯುತ್ತವೆ. ಬಳಿಕ ಹೊಸ ಕಿಣ್ವಗಳು ತಯಾರಾಗುತ್ತವೆ. ಎರಡನೆಯ ಹಂತದಲ್ಲಿ ನೀರಿನ ಹೀರಿಕೆ ನಿಧಾನವಾಗಿ, ಒಳಗಿನ ಸಿದ್ಧತೆ ಚುರುಕಾಗುತ್ತದೆ. ಮೂರನೆಯ ಹಂತದಲ್ಲಿ ಬೀಜದ ಸಿಪ್ಪೆಯನ್ನು ಸೀಳಿ ಮೊಳೆ ಹೊರಬರುತ್ತದೆ. ಅದು ವಾಸ್ತವವಾಗಿ ಎಳೆಯ ಬೇರು.

ಈ ಕಿಣ್ವಗಳ ಕೆಲಸವೇನು? ಅಮೈಲೇಸ್ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಪ್ರೋಟಿಯೇಸುಗಳು ಸಂಗ್ರಹದ ಪ್ರೋಟೀನನ್ನು ಕರಗಿಸುತ್ತವೆ. ಶೇಂಗಾದಂತಹ ಎಣ್ಣೆಬೀಜದಲ್ಲಿ ಲೈಪೇಸ್ ಕೊಬ್ಬನ್ನು ಒಡೆಯುತ್ತದೆ. ಫೈಟೇಸ್ ಎಂಬ ಕಿಣ್ವವು ಫೈಟಿಕ್ ಆಮ್ಲದಲ್ಲಿ ಸೆರೆಯಾದ ರಂಜಕ, ಕಬ್ಬಿಣ, ಸತುಗಳನ್ನು ಬಿಡಿಸುತ್ತದೆ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ರಾಫಿನೋಸ್, ಸ್ಟಾಕಿಯೋಸ್ ಮುಂತಾದ ಸಕ್ಕರೆಗಳನ್ನು ಆಲ್ಫಾ ಗ್ಯಾಲಕ್ಟೊಸಿಡೇಸ್ ಒಡೆಯುತ್ತದೆ. ಏಕದಳ ಧಾನ್ಯಕ್ಕೂ ದ್ವಿದಳಕ್ಕೂ ಇಲ್ಲಿ ಒಂದು ಭೇದವಿದೆ. ಜೋಳ, ಗೋಧಿಗಳಲ್ಲಿ ಪಿಷ್ಟದ ಉಗ್ರಾಣ ನಿರ್ಜೀವ ಕೋಶಗಳಿಂದಾದದ್ದು. ಹೊರಪದರದ ಜೀವಕೋಶಗಳು ಅದರೊಳಕ್ಕೆ ಕಿಣ್ವಗಳನ್ನು ಸ್ರವಿಸುತ್ತವೆ. ಹುರುಳಿ, ಹೆಸರುಗಳ ಎರಡು ದಳಗಳಾದರೋ ಸ್ವತಃ ಜೀವಿಸಿರುವ ಕೋಶಗಳಿಂದಾದವು. ತಮ್ಮ ಸಂಗ್ರಹವನ್ನು ತಾವೇ ಕರಗಿಸಿ ಎಳೆ ಬೇರಿಗೂ ಚಿಗುರಿಗೂ ಉಣಿಸುತ್ತವೆ. ಇಷ್ಟು ವ್ಯವಸ್ಥೆ ಇರುವುದು ಹುಟ್ಟಲಿರುವ ಗಿಡಕ್ಕಾಗಿಯೇ ಹೊರತು ಮನುಷ್ಯನ ಜಠರಕ್ಕಾಗಿ ಅಲ್ಲ.

‘ಜೀವಂತ ಆಹಾರ’ವೆಂಬ ಭ್ರಮೆ

ಆಹಾರದ ಕಿಣ್ವಗಳು ತಿಂದವನ ಜೀರ್ಣಶಕ್ತಿಯ ಬಂಡವಾಳವನ್ನು ಉಳಿಸುತ್ತವೆಂಬ ಕಲ್ಪನೆಯನ್ನು ಹರಡಿದವರಲ್ಲಿ ಅಮೆರಿಕದ ಎಡ್ವರ್ಡ್ ಹೋವೆಲ್ ಪ್ರಮುಖರು. ಅವರ ‘ಎನ್‌ಜೈಮ್ ನ್ಯೂಟ್ರಿಷನ್’ ಎಂಬ ಪುಸ್ತಕ 1985ರಲ್ಲಿ ಹೊರಬಂದಿತು. ಈ ಕಲ್ಪನೆ ಜೀವರಸಾಯನದ ಮೊದಲ ಪಾಠದ ಮುಂದೆಯೇ ನಿಲ್ಲದು. ಕಿಣ್ವವೆಂದರೆ ಪ್ರೋಟೀನು. ಜಠರದ ಆಮ್ಲ ಮತ್ತು ಪೆಪ್ಸಿನ್ ಇತರ ಪ್ರೋಟೀನುಗಳನ್ನು ಒಡೆಯುವಂತೆ ಇದನ್ನೂ ಬಹುಮಟ್ಟಿಗೆ ಒಡೆದುಹಾಕುತ್ತವೆ. ಕುದಿಸಿದರಂತೂ ಅದು ಒಲೆಯ ಮೇಲೆಯೇ ನಿಷ್ಕ್ರಿಯವಾಗುತ್ತದೆ. ಮೊಳಕೆಯಿಂದ ಕಾಳು ಹಗುರವಾಗುವುದು ನಿಜ. ಆದರೆ ಅದು ತಿನ್ನುವ ಮುನ್ನ ಕಾಳಿನೊಳಗೆ ಆದ ಬದಲಾವಣೆಯ ಫಲವೇ ಹೊರತು, ತಿಂದ ಮೇಲೆ ಹೊಟ್ಟೆಯಲ್ಲಿ ಕಿಣ್ವಗಳು ಮಾಡುವ ಪವಾಡವಲ್ಲ.

ಮೊಳಕೆಯಿಂದ ಪ್ರೋಟೀನು ಹೆಚ್ಚುತ್ತದೆಂಬುದೂ ತಪ್ಪು ತಿಳಿವಳಿಕೆ. ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 22ರಿಂದ 24 ಗ್ರಾಂ ಪ್ರೋಟೀನು ಇರುತ್ತದೆ. ಮೊಳೆತ ಮೇಲೆ ಹೆಚ್ಚುವ ತೂಕವೆಲ್ಲ ನೀರಿನದು. ಮೊಳೆಯುವ ಬೀಜ ಉಸಿರಾಟಕ್ಕಾಗಿ ತನ್ನ ಪಿಷ್ಟದ ಒಂದಂಶವನ್ನು ಸುಟ್ಟುಕೊಳ್ಳುತ್ತದೆ. ನಿಜವಾಗಿ ಹೊಸದಾಗಿ ಸೇರುವುದರಲ್ಲಿ ಮುಖ್ಯವಾದದ್ದು ‘ಸಿ’ ಜೀವಸತ್ವ. ಬೇಯಿಸಿದರೆ ಅದರಲ್ಲೂ ಒಂದು ಭಾಗ ನಷ್ಟವಾಗುತ್ತದೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದು ನೆಲ್ಲಿಕಾಯಿ, ಒಂದು ಹೋಳು ಲಿಂಬೆ, ಒಂದು ಸೀಬೆಹಣ್ಣು ಈ ಲಾಭವನ್ನು ಸುಲಭವಾಗಿ ಕೊಡುವಾಗ, ಮೊಳಕೆಯಿಲ್ಲದೆ ಆರೋಗ್ಯವಿಲ್ಲವೆಂಬ ಮಾತಿಗೆ ಆಧಾರವೇನು?

ಹಸಿ ಮೊಳಕೆಗೆ ಇನ್ನೊಂದು ದೋಷವಿದೆ. ಬೆಚ್ಚಗೆ, ತೇವವಾಗಿ, ಕಟ್ಟಿಟ್ಟ ಬಟ್ಟೆಯೊಳಗೆ ಮೊಳಕೆ ಮಾತ್ರ ಬೆಳೆಯುವುದಿಲ್ಲ, ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ. ಒಂದು ಗ್ರಾಂ ಮೊಳಕೆಯಲ್ಲಿ ಅವುಗಳ ಸಂಖ್ಯೆ ಕೋಟಿಯನ್ನು ಮುಟ್ಟುವುದು ಅಪರೂಪವಲ್ಲ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು, ಎಲ್ಲವೂ ಅಲ್ಲ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯ ಮೂಲಕ ಹರಡಿದ ‘ಇ. ಕೋಲಿ’ ಸೋಂಕಿನಿಂದ ಸುಮಾರು 4000 ಮಂದಿ ಕಾಯಿಲೆ ಬಿದ್ದು, 50ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮೆಂತ್ಯವೂ ದ್ವಿದಳವೇ. ನೂರಾರು ಯಾತ್ರಿಕರಿಗೆ ಹಸಿ ಮೊಳಕೆಯನ್ನು ಬಡಿಸುವ ಸಂಸ್ಥೆಗಳು ಈ ಘಟನೆಯನ್ನು ನೆನಪಿನಲ್ಲಿಡಬೇಕು.

ಇನ್ನು ಗಿಡವನ್ನು ಕಿತ್ತಿಲ್ಲವಾದ್ದರಿಂದ ಹಿಂಸೆಯಿಲ್ಲವೆಂಬ ಮಾತು. ಐವತ್ತು ಗ್ರಾಂ ಹೆಸರಿನಲ್ಲಿ ಸಾವಿರಕ್ಕೂ ಮಿಕ್ಕಿ ಕಾಳುಗಳಿರುತ್ತವೆ. ಅವುಗಳಿಗೆ ನೀರೆರೆದು, ಬೆಚ್ಚಗಿಟ್ಟು, ಬೇರು ಬಿಡುವವರೆಗೆ ಕಾದು, ಬೇರು ಬಿಟ್ಟೊಡನೆ ಹಲ್ಲಿಗೆ ಕೊಡುವುದು ಕೀಳುವುದಕ್ಕಿಂತ ಯಾವ ರೀತಿಯಲ್ಲಿ ಕಡಿಮೆ?

ಕಿಣ್ವ ಜೀವವಲ್ಲ

ಆರೋಗ್ಯವಾದಿಯ ಸೋಲನ್ನು ಕಂಡು ಆಚಾರವಾದಿ ಸಂತೋಷಪಡುವ ಕಾರಣವಿಲ್ಲ. ಅವನು ಕರೆತಂದ ಸಾಕ್ಷಿಯೂ ಅದೇ. ಕಿಣ್ವಕ್ರಿಯೆ ಜೀವದ ಪ್ರಮಾಣವೆಂಬ ಮಾತು ವಿಜ್ಞಾನದಲ್ಲಿ ಒಂದು ಶತಮಾನಕ್ಕೂ ಹಿಂದೆಯೇ ಬಿದ್ದುಹೋಯಿತು. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟ್ ಕೋಶಗಳನ್ನು ಅರೆದು, ಜೀವಕೋಶವಿಲ್ಲದ ರಸವನ್ನು ಮಾತ್ರ ತೆಗೆದು, ಅದು ಸಕ್ಕರೆಯನ್ನು ಹುದುಗಿಸುವುದನ್ನು ತೋರಿಸಿದರು. ಅದಕ್ಕಾಗಿ 1907ರ ನೊಬೆಲ್ ಪಾರಿತೋಷಕ ಪಡೆದರು. 1926ರಲ್ಲಿ ಜೇಮ್ಸ್ ಸಮ್ನರ್ ಯೂರಿಯೇಸ್ ಎಂಬ ಕಿಣ್ವವನ್ನು ಉಪ್ಪಿನ ಹರಳಿನಂತೆ ಹರಳುಗಟ್ಟಿಸಿದರು. ಅವರು ಅದನ್ನು ತೆಗೆದದ್ದು ‘ಜ್ಯಾಕ್ ಬೀನ್’ ಎಂಬ ಅವರೆಯ ಜಾತಿಯ ಕಾಳಿನ ಹಿಟ್ಟಿನಿಂದ. ಎಂದರೆ ದ್ವಿದಳ ಬೀಜದಿಂದಲೇ. ಸೀಸೆಯಲ್ಲಿಟ್ಟ ಹರಳು ತನ್ನ ಕೆಲಸ ಮಾಡಬಲ್ಲುದಾದರೆ, ಆ ಕೆಲಸವನ್ನು ಜೀವವೆಂದು ಕರೆಯುವುದು ಹೇಗೆ?

ಪ್ರಯೋಗಶಾಲೆಗೆ ಹೋಗಬೇಕಾಗಿಯೂ ಇಲ್ಲ. ಹೆಸರುಕಾಳನ್ನು ಒಡೆದು ಬೇಳೆ ಮಾಡಿದಾಗ ಮೊಳೆಯ ಮೂಲ ಮುರಿದುಹೋಗುತ್ತದೆ. ಆ ಬೇಳೆ ಎಂದಿಗೂ ಗಿಡವಾಗದು. ಆದರೂ ಕೋಸಂಬರಿಗೆ ನೆನೆಸಿದ ಬೇಳೆಯಲ್ಲಿ ಮೊದಲೇ ಇದ್ದ ಕಿಣ್ವಗಳು ನೀರು ಸೋಕಿದೊಡನೆ ಕೆಲಸಕ್ಕೆ ತೊಡಗುತ್ತವೆ. ಗೋಧಿಹಿಟ್ಟನ್ನು ಕಲಸಿಟ್ಟರೆ ಅಲ್ಲಿಯೂ ಅಮೈಲೇಸ್ ಪಿಷ್ಟವನ್ನು ಒಡೆಯುತ್ತದೆ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿದ ಹಿಟ್ಟಿನಲ್ಲಿ ಮೊಳಕೆ ಸತ್ತು ಎಷ್ಟೋ ದಿನಗಳಾಗಿರುತ್ತವೆ. ಕಿಣ್ವ ಮಾತ್ರ ಉಳಿದಿರುತ್ತದೆ. ಕಿಣ್ವವೇ ಜೀವವಾದರೆ ಬೇಳೆಯೂ ಹಿಟ್ಟೂ ಅನಂತಕಾಯವಾಗಬೇಕು. ಇದನ್ನು ಒಪ್ಪುವ ಆಚಾರವಾದಿ ಯಾರೂ ಇರಲಾರರು.

ವ್ಯತಿರೇಕವನ್ನೂ ನೋಡಬೇಕು. ಇಸ್ರೇಲಿನ ಮಸಾದಾ ಕೋಟೆಯ ಉತ್ಖನನದಲ್ಲಿ ದೊರೆತ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆಯಿತು. ಅಷ್ಟು ಶತಮಾನಗಳ ಕಾಲ ಆ ಬೀಜದಲ್ಲಿ ಹೇಳಿಕೊಳ್ಳುವಂತಹ ಕಿಣ್ವಕ್ರಿಯೆ ಇರಲಿಲ್ಲ. ಮೊಳೆಯುವ ಶಕ್ತಿ ಮಾತ್ರ ಇದ್ದೇ ಇತ್ತು. ಜೀವವಿಲ್ಲದಲ್ಲಿ ಕಿಣ್ವಕ್ರಿಯೆ ಇರಬಹುದು. ಕಿಣ್ವಕ್ರಿಯೆ ಇಲ್ಲದಲ್ಲಿ ಜೀವಶಕ್ತಿ ಇರಬಹುದು. ಹೀಗಿರುವಾಗ ಒಂದನ್ನು ಇನ್ನೊಂದರ ಪ್ರಮಾಣವೆನ್ನುವುದು ಯಾವ ನ್ಯಾಯಶಾಸ್ತ್ರಕ್ಕೂ ಒಪ್ಪಿಗೆಯಾಗದು.

ಇಲ್ಲಿ ಹಾನಿಗೊಳಗಾಗುವುದು ವಾದವೊಂದೇ ಅಲ್ಲ. ಇಂದಿನ ಜೈನ ಕುಟುಂಬಗಳ ಮಕ್ಕಳು ಕಾಲೇಜಿನಲ್ಲಿ ಜೀವರಸಾಯನವನ್ನು ಓದುತ್ತಾರೆ. ಕಿಣ್ವವು ಜೀವವಲ್ಲವೆಂದು ಪಾಠದಲ್ಲಿ ಕಲಿತ ಹುಡುಗಿ, ಬಸದಿಯ ಕರಪತ್ರದಲ್ಲಿ ಅದಕ್ಕೆ ವಿರುದ್ಧವಾದುದನ್ನು ಓದಿದರೆ, ಕರಪತ್ರವನ್ನು ಮಾತ್ರ ಬಿಸಾಡುವುದಿಲ್ಲ. ಕರಪತ್ರ ಯಾವ ವ್ರತವನ್ನು ಎತ್ತಿಹಿಡಿಯಲು ಹೊರಟಿತ್ತೋ ಆ ವ್ರತವನ್ನೂ ಬಿಸಾಡುತ್ತಾಳೆ. ಸುಳ್ಳು ಊರುಗೋಲನ್ನು ಕೊಟ್ಟವರೇ ಆ ಪತನಕ್ಕೆ ಹೊಣೆಗಾರರು. ಅಹಿಂಸೆಯನ್ನು ಕಾಪಾಡಲು ಸತ್ಯಾಣುವ್ರತವನ್ನು ಮುರಿಯಲು ಯಾವ ಆಚಾರ್ಯರೂ ಅನುಮತಿ ನೀಡಿಲ್ಲ.

ಶಾಸ್ತ್ರದ ದೃಷ್ಟಿ

ವಿಚಿತ್ರವೆಂದರೆ ಶಾಸ್ತ್ರಕ್ಕೆ ಈ ಊರುಗೋಲು ಬೇಕಾಗಿಯೇ ಇಲ್ಲ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಬೀಜವನ್ನು ಯೋನಿಸ್ವರೂಪವೆಂದು ಕಂಡಿದ್ದಾರೆ. ಅಲ್ಲಿ ಹಿಂದಿನ ಜೀವವೇ ಬರಬಹುದು, ಬೇರೊಂದು ಜೀವವೂ ಬರಬಹುದು. ಆರಂಭದಲ್ಲಿ ಅದು ಪ್ರತ್ಯೇಕಶರೀರದ ಸ್ಥಿತಿ ಎಂಬುದು ಅವರ ನಿರೂಪಣೆ. ಸ್ಥಿತಿಭೇದಗಳನ್ನು ಇಷ್ಟು ಎಚ್ಚರಿಕೆಯಿಂದ ಹೇಳುವ ಶಾಸ್ತ್ರವನ್ನು ‘ಕಿಣ್ವ ಹೆಚ್ಚಿತು, ಆದ್ದರಿಂದ ಅನಂತ ಜೀವ’ ಎಂಬ ಒಂದು ಸಾಲಿಗೆ ಇಳಿಸುವುದು ಶಾಸ್ತ್ರಭಕ್ತಿಯಲ್ಲ. ಶ್ವೇತಾಂಬರ ಪರಂಪರೆಯ ಮೂವತ್ತೆರಡು ಅನಂತಕಾಯಗಳ ಪಟ್ಟಿಯಲ್ಲಿ ಮೊಳೆತ ದ್ವಿದಳಕ್ಕೆ ಸ್ಥಾನವಿದೆ. ಅದು ಶ್ರದ್ಧೆಯ, ಆಗಮಪ್ರಮಾಣದ ವಿಷಯ. ಸೂಕ್ಷ್ಮದರ್ಶಕದ ಅಂಗೀಕಾರಕ್ಕಾಗಿ ಅದು ಕಾದು ಕುಳಿತಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಇನ್ನೂ ಸ್ಪಷ್ಟವಾದ ಅಳತೆಗೋಲನ್ನು ಕೊಡುತ್ತದೆ. ಫಲ ಅಲ್ಪ, ಘಾತ ಬಹಳ ಎಂಬಂತಹ ವಸ್ತುಗಳನ್ನು ಬಿಡಬೇಕೆಂಬುದು ಅವರ ವಿಧಾನ. ಐದನೆಯ ಪ್ರತಿಮೆಯಾದ ಸಚಿತ್ತತ್ಯಾಗವನ್ನು ವಿವರಿಸುವಾಗ ಬೇಯಿಸದ ಬೇರು, ಚಿಗುರು, ಬೀಜ ಮುಂತಾದುವನ್ನು ತಿನ್ನದ ಶ್ರಾವಕನನ್ನು ಅವರು ದಯೆಯ ಮೂರ್ತಿಯೆಂದು ಗುರುತಿಸುತ್ತಾರೆ. ಗಮನಿಸಬೇಕಾದುದು ಇದನ್ನೇ. ಆ ತ್ಯಾಗದ ಲಕ್ಷಣ ದಯೆ; ರಸಾಯನವಲ್ಲ.

ಈ ಅಳತೆಗೋಲಿನಿಂದ ನೋಡಿದರೆ ಮೊಳಕೆಯ ಪ್ರಶ್ನೆ ಸರಳವಾಗುತ್ತದೆ. ‘ಒಣ ಕಾಳನ್ನು ಬೇಯಿಸಿದರೂ ಅಷ್ಟೇ ಬೀಜಗಳು ನಾಶವಾಗುತ್ತವಲ್ಲ, ಭೇದವೇನು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಗೃಹಸ್ಥನ ಅಡುಗೆಯಲ್ಲಿ ಆರಂಭೀ ಹಿಂಸೆ ಅನಿವಾರ್ಯವೆಂದು ಧರ್ಮವೇ ಒಪ್ಪಿದೆ. ಅದನ್ನು ಕಡಿಮೆ ಮಾಡುತ್ತ ಹೋಗುವುದೇ ಅವನ ಸಾಧನೆ. ಮಲಗಿದ ಬೀಜವನ್ನು ಉಣ್ಣುವುದು ಅವನ ಅನಿವಾರ್ಯ. ಅದನ್ನು ಎಬ್ಬಿಸಿ, ಬೆಳೆಸಿ, ಆಮೇಲೆ ಉಣ್ಣುವುದು ಅನಿವಾರ್ಯವಲ್ಲ. ತಿನ್ನುವುದಕ್ಕಾಗಿಯೇ ಹುಟ್ಟಿಗೆ ದಾರಿಮಾಡಿಕೊಡುವುದು, ಆ ಹುಟ್ಟಿನ ಎಳೆತನವನ್ನೇ ರುಚಿಯೆಂದು ಮೆಚ್ಚುವುದು ದಯೆಯನ್ನು ಮಂದಗೊಳಿಸುತ್ತದೆ. ಲಾಭವಾದರೋ ಮೇಲೆ ಕಂಡಂತೆ ಅಲ್ಪ. ಈ ವಿವೇಚನೆಗೆ ಯಾವ ಕಿಣ್ವದ ಅಳತೆಯೂ ಬೇಕಿಲ್ಲ.

ಟ್ರಸ್ಟುಗಳ ಹೊಣೆ

ಹಾಗಾದರೆ ನೆನೆಸುವುದೂ ಬೇಡವೇ ಎಂಬ ಸಂಶಯ ಸಹಜ. ನೀರು ಸೋಕಿದ ಅಲ್ಪಕಾಲದಲ್ಲೇ ಬೀಜ ಉಸಿರಾಡತೊಡಗುತ್ತದೆಂಬ ಸತ್ಯವನ್ನು ಬದಿಗೆ ಸರಿಸಲಾಗದು. ಆದ್ದರಿಂದ ಸಾಧ್ಯವಿದ್ದಲ್ಲಿ ಒಡೆದ ಬೇಳೆಯನ್ನೇ ಬಳಸುವುದು ಮೊದಲ ದಾರಿ. ಇಡಿ ಕಾಳೇ ಬೇಕಾದಾಗ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸುವ ಬದಲು, ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ ಕುದಿಸಿ, ಒಲೆಯಿಂದಿಳಿಸಿ ಒಂದು ತಾಸು ಮುಚ್ಚಿಟ್ಟು, ಆ ನೀರನ್ನು ಬಸಿದು, ಹೊಸ ನೀರಿನಲ್ಲಿ ಪೂರ್ತಿ ಬೇಯಿಸುವುದು ಎರಡನೆಯ ದಾರಿ. ಇಲ್ಲಿ ಮೊಳೆಯುವಿಕೆಗೆ ಅವಕಾಶವೇ ಇಲ್ಲ. ವಾಯುಕಾರಕ ಸಕ್ಕರೆಗಳ ಒಂದು ಭಾಗ ಬಸಿದ ನೀರಿನೊಡನೆ ಹೋಗುತ್ತದೆ. ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಮಾಡುವ ಟ್ರಿಪ್ಸಿನ್ ನಿರೋಧಕಗಳನ್ನು ಬೇಯುವ ಶಾಖ ಬಹುಮಟ್ಟಿಗೆ ನಾಶಮಾಡುತ್ತದೆ. ಫೈಟೇಸ್ ಕೂಡ ಶಾಖಕ್ಕೆ ಹಾಳಾಗುವುದರಿಂದ ಫೈಟಿಕ್ ಆಮ್ಲ ಹೆಚ್ಚು ಉಳಿಯುವುದು ನಿಜ. ಆ ಕೊರತೆಗೆ ಊಟದ ಜೊತೆ ಲಿಂಬೆರಸ, ನೆಲ್ಲಿಕಾಯಿಗಳು ಉತ್ತರವಾಗುತ್ತವೆ; ‘ಸಿ’ ಜೀವಸತ್ವ ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ.

ಟ್ರಸ್ಟುಗಳು ಅನ್ನದಾನ, ವಿದ್ಯಾರ್ಥಿನಿಲಯ, ಯಾತ್ರಿನಿವಾಸಗಳನ್ನು ನಡೆಸುವಲ್ಲಿ ಮೊಳಕೆಯನ್ನು ಕೈಬಿಟ್ಟರಷ್ಟೇ ಸಾಲದು. ಅದರ ಜಾಗದಲ್ಲಿ ಬೇಳೆಕಾಳನ್ನು ತಕ್ಕಷ್ಟು ಬಡಿಸಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿಯ ಮಾದರಿ ಊಟದಲ್ಲಿ ದಿನಕ್ಕೆ ಸುಮಾರು 85 ಗ್ರಾಂ ಬೇಳೆಕಾಳಿದೆ. ಅಭಕ್ಷ್ಯದ ಪಟ್ಟಿಯನ್ನು ಗೋಡೆಗೆ ತೂಗುಹಾಕಿ, ಬೆಳೆಯುವ ಮಕ್ಕಳಿಗೆ ತಿಳಿಸಾರನ್ನು ಬಡಿಸುವ ಅಡುಗೆಮನೆ ಅಹಿಂಸೆಯ ಹೆಸರಿನಲ್ಲಿ ಇನ್ನೊಂದು ಬಗೆಯ ನೋವನ್ನೇ ಉಣಿಸುತ್ತದೆ. ಹಾಗೆಯೇ ವೈದ್ಯರ ಸಲಹೆಯಂತೆ ಪಥ್ಯದಲ್ಲಿರುವವರ ಮೇಲೂ, ಮೊಳಕೆ ಹುರುಳಿಯ ಸಾರನ್ನೇ ಬಲವೆಂದು ನಂಬಿ ಹೊಲಕ್ಕೆ ಹೋಗುವ ಕೂಲಿಯವರ ಮೇಲೂ ತೀರ್ಪು ಹೇಳುವ ಅಧಿಕಾರ ಯಾವ ಶ್ರಾವಕನಿಗೂ ಇಲ್ಲ. ವ್ರತವೆಂಬುದು ತೆಗೆದುಕೊಳ್ಳುವವನದು, ಹೇರುವವನದಲ್ಲ.

ಹೊಯ್ಸಳ ರಾಮನಾಥನ ಕಾಲದಲ್ಲಿ, 13ನೇ ಶತಮಾನದ ಉತ್ತರಾರ್ಧದಲ್ಲಿ, ಕೋಗಳಿಯ ಚೆನ್ನಪಾರ್ಶ್ವ ದೇವರ ನಿತ್ಯಾಭಿಷೇಕಕ್ಕೆಂದು ಭಕ್ತರು ಹೊನ್ನನ್ನು ಬಿಟ್ಟುಕೊಟ್ಟುದನ್ನು ಅಲ್ಲಿಯ ಶಾಸನಗಳು ಹೇಳುತ್ತವೆ. ದಿನದಿನದ ಸಣ್ಣ ಕಾರ್ಯವೊಂದು ತಪ್ಪದೆ ನಡೆಯಲೆಂದು ಕೂಡಿಟ್ಟ ಧನವದು. ಇಂದಿನ ಟ್ರಸ್ಟುಗಳ ಕೈಯಲ್ಲಿರುವುದೂ ಅಂತಹ ಧನವೇ. ಅದನ್ನು ಖರ್ಚುಮಾಡಿ ಅಚ್ಚುಹಾಕಿಸುವ ಪ್ರತಿಯೊಂದು ಕರಪತ್ರದಲ್ಲೂ ಸತ್ಯವಿರಬೇಕು. ಮೊಳಕೆಯನ್ನು ಬಿಡಿ ಎಂದು ಹೇಳಲು ಎರಡು ಸಾಲು ಸಾಕು: ಅದು ಅನಿವಾರ್ಯವಲ್ಲ, ಅದನ್ನು ಬಿಡುವುದರಲ್ಲಿ ದಯೆಯಿದೆ. ಪ್ರಯೋಗಶಾಲೆಯ ಮುದ್ರೆಯಿಲ್ಲದೆ ಈ ಮಾತನ್ನು ಹೇಳುವ ಧೈರ್ಯ ಸಮಾಜಕ್ಕೆ ಇಲ್ಲವಾದರೆ, ಕೊರತೆ ವಿಜ್ಞಾನದಲ್ಲಿಲ್ಲ, ಶ್ರದ್ಧೆಯಲ್ಲಿದೆ.